ಸದನದಲ್ಲಿ ಯಾರೂ ಆಡದ ಮಾತು

ಮೊದಲು ನನ್ನ ಬಗ್ಗೆ ಸ್ವಲ್ಪ ಕೊಚ್ಚಿಕೊಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಪ್ಪತ್ತೆಂಟು ವರ್ಷದವನಿಗೆ ಇಷ್ಟೂ ಬೇಡ್ವಾ? ನಾನು ವಿಧಾನಸೌಧದಲ್ಲಿ ರಿಪೋರ್ಟರ್ ಆಗಿದ್ದೆ. ಪೇಪರ್ ರಿಪೋರ್ಟರ್ ಅಲ್ಲ. ಸದನದ ಮಧ್ಯೆ ಒಂದು ಮೇಜಿರುತ್ತೆ. ಅಲ್ಲಿ ತಲೆ ತಗ್ಗಿಸ್ಕೊಂಡು ಕೂತು, ಶಾಸಕರು ಆಡಿದ ಒಂದೊಂದು ಮಾತನ್ನೂ ಶಾರ್ಟ್‌ಹ್ಯಾಂಡಲ್ಲಿ ಗೀಚ್ಕೊಳ್ತಾರಲ್ಲ, ಆ ರಿಪೋರ್ಟರು. ಒಬ್ಬರೇ ಮಾತಾಡಿದ್ರೆ ಯಾರು ಬೇಕಾದ್ರೂ ಬರೀತಾರೆ. ಹದಿನೈದು ಜನ ಎದ್ದು ನಿಂತು ಒಟ್ಟಿಗೆ ಕಿರುಚಿದಾಗ ಯಾರು ಏನಂದ್ರು ಅಂತ ಬಿಡಿಸಿ ಬರೆಯೋನು ನಾನೊಬ್ಬನೇ. ಬೇರೆಯವರೆಲ್ಲ ‘ಗೊಂದಲ’ ಅಂತ ಒಂದೇ ಪದ ಬರೆದು ಕೈ ತೊಳ್ಕೊಳ್ತಿದ್ರು.

ಕೀಟಲೆನೂ ಅಷ್ಟೇ ಜೋರು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ, ಕೆಮ್ಮಿಗೆ ಒಂದು ಗುರುತು, ಸೀನಿಗೆ ಇನ್ನೊಂದು, ಆಕಳಿಕೆಗೆ ಮತ್ತೊಂದು ಅಂತ ಕಲಿಸ್ತಿದ್ದೆ. ಒಬ್ಬ ಪುಣ್ಯಾತ್ಮ ಮೂರು ದಿನ ಮಂತ್ರಿಗಳ ಸೀನು ಬಿಡದೆ ಬರೆದಿದ್ದ. ಆದ್ರೆ ಕೀಟಲೆಯೆಲ್ಲ ಮೇಜಿನಿಂದ ಆಚೆ. ಪುಸ್ತಕದೊಳಗೆ, ಯಾರೂ ಆಡದ ಮಾತು ಒಂದೂ ಬರೆದವನಲ್ಲ. ಈ ಮಾತನ್ನ ಎದೆ ತಟ್ಟಿ ಹೇಳ್ತಿದ್ದೆ, ಹೋದ ವರ್ಷದವರೆಗೂ.

ಈಗ ಅಮೆರಿಕದಲ್ಲಿ ಮಗಳ ಮನೇಲಿ ಇದ್ದೀನಿ, ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್‌ನಲ್ಲಿ. ಹಳೇ ರೈಲಿನ ಹಳಿ ಕಿತ್ತು ಮಾಡಿದ ಒಂದು ಕಾಲುದಾರಿ ಇದೆ, ಟ್ರೇಲ್ ಅಂತಾರೆ, ನಮ್ಮಂಥವರೆಲ್ಲ ಬೆಳಿಗ್ಗೆ ಅಲ್ಲೇ ವಾಕಿಂಗು. ಅಲ್ಲಿ ಸಿಕ್ಕವರು ಡಾಕ್ಟ್ರು. ಧಾರವಾಡದವರು. ಮೂವತ್ತು ಚಿಲ್ಲರೆ ವರ್ಷ ಸ್ಕಾಟ್ಲೆಂಡಿನ ಒಂದು ಸಣ್ಣ ಊರಲ್ಲಿ ಪ್ರಾಕ್ಟೀಸು ಮಾಡಿ, ಹೆಂಡತಿ ಹೋದ ಮೇಲೆ ಇಲ್ಲಿ ಮಗನ ಮನೆಗೆ ಬಂದವರು. ಆ ಮನೆ ನಮ್ಮಿಂದ ಮೂರನೇದು. ಮಗ ಸೊಸೆ ಇಬ್ಬರೂ ಎಮರಿವಿಲ್ ಕಡೆ ಕೆಲಸಕ್ಕೆ ಹೋಗ್ತಾರೆ, ಬರೋದು ಸಂಜೆಗೇ. ನಾನು ಅವರನ್ನ ‘ಡಾಕ್ಟ್ರೇ’ ಅಂತೀನಿ, ಅವರು ನನ್ನನ್ನ ‘ರಿಪೋರ್ಟರ್ ಸಾಹೇಬ್ರ’ ಅಂತಾರೆ. ಮಾತು ನೀವು ತಾವು. ಜಗಳ ಮಾತ್ರ ಅಣ್ಣತಮ್ಮಂದಿರ ಥರ.

ಅವರ ಮಗಳು ಸ್ಕಾಟ್ಲೆಂಡಲ್ಲೇ ಉಳಿದಿದ್ಲು. ಅಲ್ಲೇ ಹುಟ್ಟಿ ಬೆಳೆದವಳು, ಡಾಕ್ಟ್ರು ಕಟ್ಟಿಸಿದ ಮನೇಲೇ ಸಂಸಾರ. ಕೆಲಸ ಹೆರಿಗೆ ಮಾಡಿಸೋದು. ಗಂಡ ಪೋರ್ಚುಗಲ್ಲಿನವನು, ಸ್ಕೂಲಲ್ಲಿ ಮ್ಯೂಸಿಕ್ ಮೇಷ್ಟ್ರು. ಹಿಂದೆ ಯೂರೋಪಿನ ದೇಶಗಳೆಲ್ಲ ಒಂದೇ ಒಕ್ಕೂಟದಲ್ಲಿದ್ದಾಗ ಪೋರ್ಚುಗಲ್ಲಿನವನು ಸ್ಕಾಟ್ಲೆಂಡಿಗೆ ಬರೋದು ಅಂದ್ರೆ ನಾವು ಮೈಸೂರಿಂದ ಮಂಗಳೂರಿಗೆ ಹೋದ ಹಾಗೆ. ಆಮೇಲೆ ಬ್ರಿಟನ್ನಲ್ಲಿ ಓಟಾಯ್ತು. ಸ್ಕಾಟ್ಲೆಂಡಿನ ಜನ ಇರೋಣ ಅಂದ್ರು, ಇಡೀ ದೇಶದ ಲೆಕ್ಕದಲ್ಲಿ ಹೊರಡೋಣ ಅನ್ನೋರು ಗೆದ್ರು. ಎಲ್ಲರೂ ಹೊರಗೆ. ಅಳಿಯ ಹಳಬ ಅಂತ ಉಳ್ಕೊಂಡ. ಆದ್ರೆ ಅವನ ತಾಯಿಗೆ ಕಣ್ಣು ಕಾಣಲ್ಲ, ಮಗನ ಹತ್ರ ಬಂದಿರ್ತೀನಿ ಅಂದ್ರು. ಮೊದಲಾಗಿದ್ರೆ ಒಂದು ಟಿಕೆಟು ಸಾಕಿತ್ತು. ಈಗ ಅರ್ಜಿ, ಸಾಕ್ಷಿ, ಮತ್ತೆ ಅರ್ಜಿ. ಎರಡು ಸಲ, ಪೇಪರು ಸಾಲದು ಅಂತ ವಾಪಸ್ಸು ಬಂತು. ಕೊನೆಗೆ ಗಂಡ ಹೆಂಡತಿ ಮನೆ ಮಾರಿ ತಾವೇ ಪೋರ್ಚುಗಲ್ಲಿಗೆ ಹೋಗೋದು ಅಂತ ತೀರ್ಮಾನ ಮಾಡಿದ್ರು.

ಇದನ್ನ ಹೇಳುವಾಗೆಲ್ಲ ಡಾಕ್ಟ್ರು ಟ್ರೇಲಿನಲ್ಲಿ ನಿಂತುಬಿಡ್ತಿದ್ರು. “ತಲಿ ಇಲ್ಲದ ಮಂದಿ ರೀ. ಓಟು ಹಾಕಿ ನನ್ನ ಮಗಳ ಮನಿ ಮುರದ್ರು,” ಅಂತ ಎಷ್ಟು ಜೋರಾಗಿ ಅಂತಿದ್ರು ಅಂದ್ರೆ, ನಾಯಿ ವಾಕಿಂಗಿಗೆ ತಂದವರು ಪಕ್ಕಕ್ಕೆ ಸರಿದು ಹೋಗ್ತಿದ್ರು.

ಸ್ಕಾಟ್ಲೆಂಡಿಗೆ ಅದರದ್ದೇ ಒಂದು ಪಾರ್ಲಿಮೆಂಟಿದೆ. ಲಂಡನ್ನಿನ ದೊಡ್ಡದರ ಕೆಳಗೆ ಇದು ಸಣ್ಣದು, ನಮ್ಮ ವಿಧಾನಸಭೆ ಇದ್ದ ಹಾಗೆ. ಅಲ್ಲಿ ಆಗಾಗ ಚರ್ಚೆ ಆಗತ್ತೆ, ಯೂರೋಪಿನಲ್ಲಿ ನಮ್ಮ ಜಾಗ ಯಾವುದು, ಬ್ರಿಟನ್ನಿಂದ ಬೇರೆಯಾಗಿ ಅಲ್ಲಿಗೆ ವಾಪಸ್ಸು ಹೋಗೋದು ಹೇಗೆ ಅಂತ. ಡಾಕ್ಟ್ರಿಗೆ ಅದನ್ನ ಕೇಳದಿದ್ರೆ ಊಟ ಸೇರಲ್ಲ.

“ಅಲ್ಲ ಡಾಕ್ಟ್ರೇ, ತೀರ್ಮಾನ ಮಾಡೋ ಅಧಿಕಾರ ಅವರಿಗಿಲ್ಲ. ಸುಮ್ನೆ ಗಂಟಲು ಯಾಕೆ ನೋಯಿಸ್ಕೊಳ್ತಾರೆ?” ಅಂತ ಕೆಣಕ್ತಿದ್ದೆ.

“ಹೇಳಾರ ಹೇಳಬೇಕಲ್ರೀ. ಹೇಳದ ಹೊಟ್ಟ್ಯಾಗ ಇಟ್ಕೊಂಡ್ರ ಏನಾಗ್ತದ ಅಂತ ಡಾಕ್ಟರಿಗೆ ಗೊತ್ತು.”

ತೊಂದರೆ ಏನಂದ್ರೆ, ಅವರಿಗೆ ಡಯಾಲಿಸಿಸ್ಸು. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಐದೂವರೆಗೇ ವ್ಯಾನು ಬಂದು ಕರ್ಕೊಂಡು ಹೋಗತ್ತೆ. ಅಲ್ಲಿನ ಮಧ್ಯಾಹ್ನ ನಮಗೆ ಬೆಳಿಗ್ಗೆ, ಚರ್ಚೆ ನಡೆಯೋ ಹೊತ್ತಿಗೆ ಇವರ ತೋಳಲ್ಲಿ ಸೂಜಿ. ವಾಪಸ್ಸು ಬಂದ ಮೇಲೆ ಕಣ್ಣು ಬಿಡೋಕ್ಕೂ ಶಕ್ತಿ ಇರಲ್ಲ. ರೆಕಾರ್ಡಿಂಗು ನೋಡಿ ಅಂದ್ರೆ ಮೂರು ಗಂಟೆ ಯಾರು ಕೂರ್ತಾರೆ?

ಅದಕ್ಕೆ ನಾನು ಮತ್ತೆ ಡ್ಯೂಟಿಗೆ ಸೇರ್ಕೊಂಡೆ. ಬೆಳಿಗ್ಗೆ ಆರಕ್ಕೆ ಮಗಳ ಲ್ಯಾಪ್‌ಟಾಪು, ಒಂದು ಲೋಟ ಕಾಫಿ, ಮೊನೆ ಮಾಡಿದ ನಾಲ್ಕು ಪೆನ್ಸಿಲು. ಅವರು ಸ್ಕಾಟಿಷ್ ಇಂಗ್ಲಿಷಲ್ಲಿ ಆಡಿದ್ದು ನನ್ನ ಪುಸ್ತಕಕ್ಕೆ ಕನ್ನಡ ಶಾರ್ಟ್‌ಹ್ಯಾಂಡಾಗಿ ಇಳೀತಿತ್ತು. ಇನ್ನೊಬ್ಬರ ಕೈಲಿ ಮಾಡಿಸಿ ನೋಡೋಣ! ಹನ್ನೊಂದು ಗಂಟೆಗೆ ಡಾಕ್ಟ್ರ ಮನೆಗೆ ಹೋಗಿ, ಅವರು ರಿಕ್ಲೈನರಲ್ಲಿ ಕಣ್ಣು ಮುಚ್ಕೊಂಡು ಮಲಗಿದ್ರೆ, ನಾನು ಎದುರಿಗೆ ನಿಂತು ಓದ್ತಿದ್ದೆ. ಬರೀ ಓದೋದಲ್ಲ, ಒಬ್ಬೊಬ್ಬರಿಗೂ ಒಂದೊಂದು ಧ್ವನಿ. ಸ್ಕಾಟ್ಲೆಂಡಿನ ಸದಸ್ಯರೆಲ್ಲ ನನ್ನ ಬಾಯಲ್ಲಿ ಬಳ್ಳಾರಿಯವರು, ಮಂಡ್ಯದವರು, ಪುತ್ತೂರಿನವರು ಆಗೋರು.

“ಮಾನ್ಯ ಸಭಾಧ್ಯಕ್ಷರೇ, ನಮ್ಮೂರಿನ ಮೀನು ಯೂರೋಪಿನ ತಟ್ಟೆ ಸೇರೋ ಹೊತ್ತಿಗೆ ವಾಸನೆ ಬರ್ತಾ ಇದೆ! ಇದಕ್ಕೆ ಯಾರು ಹೊಣೆ?”

“ಕೂತ್ಕೊಳ್ರೀ! ಲಂಡನ್ನಿನ ಕೈಯಿಂದ ಬಿಡಿಸ್ಕೊಂಡು ಇನ್ನೊಂದು ಒಕ್ಕೂಟದ ಕೈಗೆ ಜುಟ್ಟು ಕೊಡ್ತೀನಿ ಅಂತೀರಲ್ಲ, ಅದ್ಯಾವ ಸೀಮೆ ಸ್ವಾತಂತ್ರ್ಯ?”

ಡಾಕ್ಟ್ರು ಕಣ್ಣು ಮುಚ್ಕೊಂಡೇ ನಗೋರು. ಅಷ್ಟು ಸುಸ್ತಾದ ಮನುಷ್ಯನ ಹೊಟ್ಟೆ ಕುಲುಕಿಸೋದು ಅಂದ್ರೆ ಸಾಮಾನ್ಯ ಅಲ್ಲ. ಅದೊಂದು ಚಟ ಆಗೋಯ್ತು ನನಗೆ.

ಒಂದು ಗುರುವಾರ ಅವರು ನಗಲಿಲ್ಲ. ಅವತ್ತಿನ ಚರ್ಚೆನೂ ಒಣ, ಬರೀ ಕಾನೂನು. ಬಳ್ಳಾರಿ ಹಾಕಿದೆ, ಮಂಡ್ಯ ಹಾಕಿದೆ, ಉಹೂಂ. ಮುಖ ಬಿಳಿಚಿಕೊಂಡಿತ್ತು. ಸ್ಕಾಟ್ಲೆಂಡಿನ ಮಗಳ ಮನೆಗೆ ಗಿರಾಕಿ ಸಿಕ್ಕಿದ ಸುದ್ದಿ ಹಿಂದಿನ ದಿನ ಬಂದಿತ್ತಂತೆ. ಹೇಗಾದ್ರೂ ನಗಿಸಬೇಕು ಅಂತ, ಪುಸ್ತಕದ ಹಾಳೆ ತಿರುಗಿಸಿದ ಹಾಗೆ ಮಾಡಿ, ಅಲ್ಲಿ ಇಲ್ಲದ್ದನ್ನ ಓದಿದೆ.

“ಮತ್ತೊಬ್ಬ ಸದಸ್ಯರು: ಮಾನ್ಯರೇ, ನನ್ನ ಕ್ಷೇತ್ರದಲ್ಲಿ ಮೂವತ್ತು ವರ್ಷ ಡಾಕ್ಟರಾಗಿದ್ದ ಒಬ್ಬ ಮಹನೀಯರಿದ್ದಾರೆ. ನಮ್ಮ ಗಂಟಲು, ಮೂಗು, ಕಿವಿ ಎಲ್ಲ ನೋಡಿದವರು. ಈಗ ಕ್ಯಾಲಿಫೋರ್ನಿಯಾದಲ್ಲಿ ಬಿಸಿಲು ಕಾಯಿಸ್ತಾ ಕೂತಿದ್ದಾರೆ. ಅಲ್ಲಿಂದ ಪೋಸ್ಟಲ್ಲಿ ಓಟು ಹಾಕಿ, ಹೊರಡ್ರಪ್ಪಾ ಅಂತ ನಮ್ಮನ್ನ ಒಕ್ಕೂಟದಿಂದ ಆಚೆ ತಳ್ಳಿದ ಪುಣ್ಯಾತ್ಮರು ಅವರೇ!”

ಆ ಓಟು ಹಾಕಿದವರನ್ನ ಬೆಳಗಾದ್ರೆ ಬೈಯೋ ಮನುಷ್ಯನ ಮೇಲೇ ಅದನ್ನ ಹೊರಿಸೋದಕ್ಕಿಂತ ದೊಡ್ಡ ತಮಾಷೆ ಏನಿದೆ? ಈಗ ರಿಕ್ಲೈನರಿಂದ ಎದ್ದು ನನ್ನ ಕಡೆ ದಿಂಬು ಎಸೀತಾರೆ ಅಂತ ಕಾದೆ.

ಡಾಕ್ಟ್ರು ಕಣ್ಣು ಬಿಟ್ರು. “ಹೆಸರು ತಗೊಂಡ್ರೇನು?”

ಕೀಟಲೆ ಮಾಡೋನಿಗೆ ಮುಖ ಗಂಟಿಕ್ಕಿ ನಿಲ್ಲೋದು ಗೊತ್ತಿರಬೇಕು. ಅದರಲ್ಲಿ ನನ್ನನ್ನ ಮೀರಿಸಿದವರಿಲ್ಲ. “ಹೆಸರು ಹೇಳಲಿಲ್ಲ. ಅವರ ಮಗಳೇ ನನಗೆ ಪತ್ರ ಬರೆದಿದ್ದಾಳೆ ಅಂದ್ರು.”

ಅವರು ರಿಕ್ಲೈನರನ್ನ ಇನ್ನೂ ಹಿಂದಕ್ಕೆ ಒರಗಿಸಿದ್ರು. “ರಿಪೋರ್ಟರ್ ಸಾಹೇಬ್ರ, ನಂಗ ನಿದ್ದಿ ಬರ್ಲಿಕತ್ತದ. ನಾಳೆ ಬರ್ರಿ.”

ನಾನು ದಾರಿ ಉದ್ದಕ್ಕೂ ನಗ್ತಾ ಮನೆಗೆ ಬಂದೆ. ಅಲ್ಲೇ ಹೇಳಿಬಿಡಬಹುದಿತ್ತು. ಆದ್ರೆ ಕೀಟಲೆ ಒಂದು ದಿನ ನೆನೆಯಲಿ, ನಾಳೆ ಟ್ರೇಲಲ್ಲಿ ಬಿಚ್ಚಿದ್ರೆ ರುಚಿ ಜಾಸ್ತಿ ಅಂತ ನನ್ನ ಲೆಕ್ಕ.

ಮಾರನೇ ದಿನ ಡಾಕ್ಟ್ರು ಟ್ರೇಲಿಗೆ ಬರಲಿಲ್ಲ. ಮನೆಗೆ ಹೋದೆ. ಡೈನಿಂಗ್ ಟೇಬಲ್ ಹತ್ರ ಕೂತಿದ್ರು. ಎದುರಿಗೆ ಮಾಡಿಟ್ಟ ಅವಲಕ್ಕಿ ಹಾಗೇ ಇತ್ತು.

“ನಿನ್ನೆ ಮಗಳಿಗೆ ಫೋನ್ ಮಾಡಿದ್ದೆ,” ಅಂದ್ರು. “ಕ್ಷಮಾ ಕೇಳಿದೆ. ನಾನ ಆ ಓಟು ಹಾಕಿದ್ದು ಖರೇ, ನಿಂಗ ಹೆಂಗ ಗೊತ್ತಾತೋ ಏನೋ, ಮಂದಿ ಮುಂದ ಹೇಳಿಸಿದ್ದಕ್ಕ ನಂಗೇನು ಸಿಟ್ಟಿಲ್ಲವ್ವಾ ಅಂದೆ.”

ನನಗೆ ಕೂರೋಕ್ಕೆ ಕುರ್ಚಿ ಕಾಣಲಿಲ್ಲ.

“ಆಕಿ ಕೇಳಿದ್ಲು, ಯಾವ ಓಟು ಅಪ್ಪಾ ಅಂತ. ಆಕಿಗೆ ಗೊತ್ತ ಇರಲಿಲ್ಲ. ಯಾರಿಗೂ ಪತ್ರ ಬರದಿಲ್ಲಂತ. ಫೋನ್ ಇಟ್ಲು.” ಆಮೇಲೆ ನನ್ನ ಕಡೆ ತಿರುಗಿದ್ರು. “ಆ ಮೆಂಬರು ಯಾರು?”

“ಯಾರೂ ಇಲ್ಲ ಡಾಕ್ಟ್ರೇ. ನಾನೇ ಕಟ್ಟಿ ಹೇಳಿದ್ದು.”

“ಯಾಕ?”

“ನೀವು ನಗಲಿ ಅಂತ.”

ಅಷ್ಟು ವರ್ಷದಲ್ಲಿ ಮೊದಲನೇ ಸಲ ಅವರ ಬಾಯಿಂದ ಏಕವಚನ ಬಂತು. “ನಗು ಈಗ. ನೀನ ನಗು. ಬಾಗಲಾ ಹಾಕ್ಕೊಂಡು ಹೋಗು.”

ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಪಾತ್ರೆ ತೊಳೀತಿದ್ದವಳು ನಲ್ಲಿ ನಿಲ್ಲಿಸಿ, “ಅಪ್ಪ, ಹೋಗಿ ಸಾರಿ ಕೇಳಿದ್ರಾ?” ಅಂದ್ಲು.

“ಬಾಗಿಲು ಹಾಕ್ಕೊಂಡು ಹೋಗು ಅಂದ್ರು.”

“ಹಾಗಾದ್ರೆ ಬಾಗಿಲ ಹೊರಗೆ ನಿಂತು ಕೇಳಿ. ಎಲ್ಲರನ್ನೂ ನಗಿಸೋಕೆ ಹೋಗೋದು, ಆಮೇಲೆ ಅವರೇ ಅಳೋದು. ಅಮ್ಮನಿಗೂ ಇದೇ ಮಾಡ್ತಿದ್ರಿ.” ಮತ್ತೆ ನಲ್ಲಿ ತಿರುಗಿಸಿದ್ಲು.

ಮೂರು ವಾರ ದಿನಾ ಹೋದೆ. ಕಾಲಿಂಗ್ ಬೆಲ್ ಒತ್ತೋದು, ಡಾಕ್ಟ್ರೇ ತಪ್ಪಾಯ್ತು ಅನ್ನೋದು, ಬರೋದು. ಒಳಗೆ ಇದ್ದಾರೆ ಅಂತ ಗೊತ್ತಾಗ್ತಿತ್ತು, ಟಿವಿ ಸೌಂಡು ಸಣ್ಣ ಆಗೋದು. ಮಂಗಳವಾರ ಗುರುವಾರ ಅಭ್ಯಾಸಬಲದಿಂದ ಆರು ಗಂಟೆಗೆ ಎದ್ದು ಲ್ಯಾಪ್‌ಟಾಪು ತೆಗೀತಿದ್ದೆ. ಸದನದಲ್ಲಿ ಆಸ್ಪತ್ರೆ, ದೋಣಿ, ಸ್ಕೂಲು ಅಂತ ಏನೇನೋ ನಡೀತಿತ್ತು. ಪೆನ್ಸಿಲು ಮುಟ್ಟೋಕ್ಕೆ ಮನಸ್ಸು ಬರಲಿಲ್ಲ.

ಹೀಗಿರುವಾಗ ಒಂದು ಶುಕ್ರವಾರ ಅವರೇ ಫೋನ್ ಮಾಡಿದ್ರು. “ಪೆನ್ಸಿಲ್ ತಗೊಂಡು ಬರ್ರಿ.” ಬರ್ರಿ ಅಂದ್ರು, ಬಾ ಅನ್ನಲಿಲ್ಲ. ಚಪ್ಪಲಿ ಅದಲು ಬದಲು ಹಾಕ್ಕೊಂಡು ಓಡಿದೆ.

ಅಷ್ಟು ದಿನ ಸುಮ್ಮನಿದ್ದ ಡಾಕ್ಟ್ರ ಮಗಳು ಒಂದು ಮೆಸೇಜು ಕಳಿಸಿದ್ಲು. ಒಂದೇ ಪದ. ‘ಯಾಕ?’ ಅದನ್ನೂ ಇಂಗ್ಲಿಷ್ ಅಕ್ಷರದಲ್ಲಿ. ಧಾರವಾಡದ ಮಾತು ಚೆನ್ನಾಗಿ ಆಡ್ತಾಳೆ, ಆದ್ರೆ ಕನ್ನಡ ಓದೋಕ್ಕೆ ಬರಲ್ಲ.

“ಫೋನಿನ್ಯಾಗ ಹೇಳ್ಲಿಕ್ಕೆ ಹೋದ್ರ ನಾ ಒದರತೇನಿ, ಇಲ್ಲಾ ಅಳತೇನಿ,” ಅಂದ್ರು ಡಾಕ್ಟ್ರು. “ಇಂಗ್ಲಿಷಿನ್ಯಾಗ ಬರಿಯೂ ಮಾತಲ್ಲ ಇದು. ನಾ ಹೇಳತೇನಿ, ನೀವು ಬರಕೊಳ್ರಿ. ಆಮ್ಯಾಲೆ ಆಕಿಗೆ ಓದಿ ಹೇಳ್ರಿ.”

“ನಾನಾ? ನನ್ನ ಓದಿನಿಂದ ಇಷ್ಟೆಲ್ಲ ಆಗಿದೆ.”

“ಅದಕ್ಕ ನೀವ ಓದಬೇಕು.”

ಬರೆದುಕೊಂಡೆ. ಅವತ್ತು ಅವರು ಹೇಳಿದ್ದು ಇದು. ಅವರು ಹೊಸದಾಗಿ ಸ್ಕಾಟ್ಲೆಂಡಿಗೆ ಹೋದಾಗ, ಕಲಿತ ಡಾಕ್ಟರಿಕೆಗೆ ಮತ್ತೆ ಪರೀಕ್ಷೆ ಬರೆಯಬೇಕಾಯ್ತು. ಅದಕ್ಕೆ ಬೇಜಾರಿಲ್ಲ. ಮಗಳು ಹುಟ್ಟಿದ ಮೇಲೆ ತಾಯಿಯನ್ನ ಕರೆಸ್ಕೋಬೇಕು ಅಂತ ಅರ್ಜಿ ಹಾಕಿದ್ರು. ಧಾರವಾಡದಿಂದ ಆ ತಾಯಿ ಎರಡು ದಿನ ರೈಲಲ್ಲಿ ಹೋಗಿ ವೀಸಾ ಕೌಂಟರಲ್ಲಿ ನಿಂತ್ರು. ಇವರು ವಾಪಸ್ಸು ಬರ್ತಾರೆ ಅಂತ ಏನು ಗ್ಯಾರಂಟಿ ಅಂತ ಕೇಳಿ ಅಲ್ಲಿಯವರು ಮನೆಗೆ ಅಟ್ಟಿದ್ರು. ಮತ್ತೆ ಅರ್ಜಿ, ಮತ್ತೆ ರೈಲು, ಮತ್ತೆ ಅದೇ. ಮೂರನೇ ಅರ್ಜಿಗೆ ಫೋಟೋ ತೆಗೆಸ್ಕೊಂಡು ಬಂದ ವಾರದಲ್ಲೇ ತೀರಿಕೊಂಡ್ರು.

“ಅದರ ಮರುವರ್ಷ ನಮ್ಮ ದವಾಖಾನಿಗೆ ಯೂರೋಪಿನ ಕಡೆಯಿಂದ ಒಬ್ಬ ಸಣ್ಣ ಡಾಕ್ಟರ್ ಬಂದ. ಪರೀಕ್ಷಾ ಇಲ್ಲಾ, ಏನಿಲ್ಲಾ. ಬ್ಯಾಸಗ್ಯಾಗ ಅವನ ತಾಯಿನ್ನ ಕಾರಿನ್ಯಾಗ ಕೂಡಿಸ್ಕೊಂಡು ಬಂದ. ಆಕಿ ನಮ್ಮ ಮನಿಗೆ ಬಂದು, ನಿನ್ನ ಎತ್ತಿ ಆಡಿಸಿದ್ಲು. ನಾ ಚಹಾ ಕೊಟ್ಟೆ. ಹೊಟ್ಟಿ ಉರೀತು. ಇಪ್ಪತ್ತು ಮೂವತ್ತು ವರ್ಷ ಉರೀತು. ನಾ ಇನ್ನೂ ಅಲ್ಲಿ ನಾಗರಿಕ ಅಂತ ಓಟಿನ ಕಾಗದ ಇಲ್ಲಿಗೆ ಬಂದಾಗ ಅದರ ಮ್ಯಾಲೆ ಗುರ್ತು ಹಾಕೂ ಮುಂದ ನಿನ್ನ ಗಂಡ ನೆನಪಾಗಲಿಲ್ಲ. ಅವ್ವ ನೆನಪಾದ್ಲು. ಎಲ್ಲಾರ ತಾಯಂದ್ರೂ ಸಾಲಿನ್ಯಾಗ ನಿಲ್ಲಲಿ ಅಂತ ಅನಿಸ್ತು.”

ಅಲ್ಲಿಗೆ ನಿಲ್ಲಿಸಿ ಕನ್ನಡಕ ತೆಗೆದು ಒರೆಸಿದ್ರು. ಆಮೇಲೆ, “ಇದೊಂದು ಬರಕೊಳ್ರಿ. ಕಣ್ಣು ಮಂಜಾಗಿತ್ತು, ಬ್ಯಾರೆ ಖಾನಿಗೆ ಗುರ್ತು ಬಿತ್ತು,” ಅಂದ್ರು.

ಬರೆದೆ. ನಮ್ಮ ಮೇಜಿನ ಕೆಲಸ ಅಷ್ಟೇ, ಆಡಿದ್ದನ್ನ ಬರೆಯೋದು. ಪೂರ್ತಿ ಒಂದು ಸಲ ಓದಿ ಹೇಳಿದೆ. ಆ ಸಾಲು ಬಂದಾಗ ಡಾಕ್ಟ್ರು ಕೈ ಎತ್ತಿದ್ರು. ಹಿಂದೆ ಶಾಸಕರು ನಮ್ಮ ರೂಮಿಗೆ ಬಂದು, ಸಿಟ್ಟಲ್ಲಿ ಆಡಿದ್ದನ್ನ ಸ್ವಲ್ಪ ಮೆತ್ತಗೆ ಮಾಡಪ್ಪ ಅಂತ ಕಾಫಿ ತರಿಸೋರು. ಆಡಿದ ಸುಳ್ಳನ್ನ ತೆಗಿ ಅಂತ ಬಂದವರನ್ನ ನಾನು ನೋಡಿರಲಿಲ್ಲ.

“ಅದು ಬ್ಯಾಡ. ಹೊಡದ ಹಾಕ್ರಿ.”

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅವರ ಫೋನನ್ನ ಟೇಬಲ್ ಮೇಲೆ ಸ್ಪೀಕರಲ್ಲಿಟ್ಟು ಓದಿದೆ. ಧ್ವನಿ ಬದಲಾಯಿಸಲಿಲ್ಲ, ಎಲ್ಲೂ ಎತ್ತಲಿಲ್ಲ, ಇಳಿಸಲಿಲ್ಲ. ಅಷ್ಟು ಕಷ್ಟದ ಓದು ನಾನು ಜನ್ಮದಲ್ಲಿ ಓದಿಲ್ಲ. ಲೈನು ಕಟ್ಟಾಯ್ತೇನೋ ಅಂತ ಎರಡು ಸಲ ಸ್ಕ್ರೀನು ನೋಡಿದೆ. ಮುಗಿದ ಮೇಲೆ ಮಗಳು ಮಾತಾಡಿದ್ಲು.

“ಅಪ್ಪಾ, ಅಜ್ಜಿ ತಾನ ಬರ್ಲಿಕ್ಕೆ ಒಲ್ಲೆ ಅಂದ್ಲು ಅಂತ ಹೇಳಿದ್ದಿ ನಂಗ.”

“ಹೌದವಾ.”

“ಥಂಡಿ ದೇಶ, ಆಕಿಗೆ ಸೇರೂದಿಲ್ಲ ಅಂತ ಹೇಳಿದ್ದಿ.”

“ನೀ ಸಣ್ಣಾಕಿ ಇದ್ದಿ. ನಿಮ್ಮಜ್ಜಿನ್ನ ಒಳಗ ಬಿಡಲಿಲ್ಲ ಅಂತ ಹೆಂಗ ಹೇಳ್ಲಿ? ನೀ ಅದ ದೇಶದಾಗ ಸಾಲಿಗೆ ಹೋಗಬೇಕಿತ್ತಲ್ಲ.”

“ಆಕಿಗೆ ನನ್ನ ನೋಡೂ ಮನಸಿಲ್ಲ ಅಂತ ತಿಳ್ಕೊಂಡಿದ್ದೆ. ಇಷ್ಟು ವರ್ಷ. ಆಕಿ ಫೋಟೋ ಮನ್ಯಾಗ ಹಾಕಿಲ್ಲ ನಾ, ಗೊತ್ತದ ಏನು?”

ನಾನು ಎದ್ದು ಹೋಗೋಣ ಅಂದ್ರೆ ಕುರ್ಚಿ ಸದ್ದಾಗತ್ತೆ ಅಂತ ಹಾಗೇ ಕೂತೆ.

“ನಾವು ಹೋಗೂದು ಹೋಗೂದ. ಮುಂದಿನ ತಿಂಗಳಾ ಮನಿ ಬಿಡತೇವಿ,” ಅಂದ್ಲು ಮಗಳು. “ನಿನ್ನ ಮ್ಯಾಲೆ ನನ್ನ ಸಿಟ್ಟು ಹೋಗಿಲ್ಲ. ಹೋಗ್ತದೋ ಇಲ್ಲೋ ಗೊತ್ತಿಲ್ಲ. ಆದ್ರ ನೀ ಈಗ ಹೇಳಿದ್ದನ್ನ ನಮ್ಮತ್ತಿಗೂ ಹೇಳಬೇಕು. ನಿನ್ನ ಅಳಿಯಗ ನಾ ಹೇಳತೇನಿ. ನಮ್ಮತ್ತಿಗೆ ನೀನ ಹೇಳು.”

“ಆಕಿಗೆ ಇಂಗ್ಲಿಷ್ ಬರೂದಿಲ್ಲಲ್ಲ.”

“ನಾ ತಿಳಿಸಿ ಹೇಳತೇನಿ. ನೀ ಮಾತಾಡು. ಈ ಸಲ ಓದಸಬ್ಯಾಡ.”

“ಆತು,” ಅಂದ್ರು ಡಾಕ್ಟ್ರು.

ಹೋದ ತಿಂಗಳು ಪೋರ್ಚುಗಲ್ಲಿಂದ ಫೋನು ಬಂತು. ನನ್ನನ್ನ ಕರೆಸ್ಕೊಂಡಿದ್ರು, ಆದ್ರೆ ಪೆನ್ಸಿಲ್ ಬ್ಯಾಡ ಅಂದಿದ್ರು. ವಿಡಿಯೋ ಕಾಲು. ಕಪ್ಪು ಡ್ರೆಸ್ಸು ಹಾಕಿದ ಮುದುಕಿ, ಅಳಿಯನ ತಾಯಿ, ಕ್ಯಾಮೆರಾ ಎಲ್ಲಿದೆ ಅಂತ ಕಾಣದೆ ಪಕ್ಕದ ಗೋಡೆ ಕಡೆ ಮುಖ ಮಾಡಿ ಕೂತಿದ್ರು. ಪಕ್ಕದಲ್ಲಿ ಮಗಳು. ಡಾಕ್ಟ್ರು ಕನ್ನಡದಲ್ಲಿ ನಾಲ್ಕೇ ಮಾತು ಹೇಳಿದ್ರು. ನಮ್ಮ ಅವ್ವನ್ನ ಬಿಡಲಿಲ್ಲ, ಆ ಸಿಟ್ಟಿಗೆ ನಾ ಬಾಗಲಾ ಹಾಕಲಿಕ್ಕೆ ಕೈ ಹಚ್ಚಿದೆ, ಆ ಬಾಗಲಾ ನಿಮಗ ಬಡೀತು, ತಪ್ಪು ನಂದು. ಮಗಳು ಒಂದೊಂದನ್ನೇ ಅವರ ಭಾಷೆಗೆ ತಿರುಗಿಸಿ ಹೇಳಿದ್ಲು. ಕಡೇ ಮಾತನ್ನ ಎರಡು ಸಲ ಹೇಳಿದ್ಲು.

ಮುದುಕಿ ಏನೋ ಕೇಳಿದ್ರು.

“ನಿಮ್ಮ ತಾಯಿ ಹೆಸರೇನಿತ್ತು ಅಂತ ಕೇಳ್ಲಿಕತ್ತಾಳ,” ಅಂದ್ಲು ಮಗಳು.

ಡಾಕ್ಟ್ರು ಹೇಳಿದ್ರು. ಆ ಹೆಂಗಸು ಅದನ್ನ ತಮ್ಮ ನಾಲಿಗೆಗೆ ಬಂದ ಹಾಗೆ ಅಂದ್ರು, ತಪ್ಪಾಯ್ತು. ಇನ್ನೊಂದು ಸಲ ಅಂದ್ರು, ಆಗಲೂ ತಪ್ಪೇ. ಡಾಕ್ಟ್ರು ಫೋನಿನ ಹತ್ರ ಬಗ್ಗಿ, ಸಣ್ಣ ಮಕ್ಕಳಿಗೆ ಕಲಿಸೋ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿಕೊಟ್ರು. ಮಗಳು ಫೋನನ್ನ ಅತ್ತೆಯ ಕಿವಿ ಹತ್ರ ಹಿಡಿದ್ಲು. ಈ ಸಲ ಫೋನ್ ಇಡಲಿಲ್ಲ.